ಪಶ್ಚಿಮಕ್ಕೆ ನಿಂತ ಆಂಟೆನಾ

ನಮ್ಮವರಿಗೆ ಲಕ್ವಾ ಹೊಡೆದದ್ದು ಎಂಬತ್ತೈದನೆಯ ಇಸವಿಯ ಮಳೆಗಾಲದಲ್ಲಿ. ಬಲಗಾಲು, ಬಲಗೈ, ನಾಲಿಗೆ ಮೂರೂ ಒಂದೇ ಮುಂಜಾನೆ ಹೋದವು. ಕಾಲು ಮೆಲ್ಲಗೆ ತಿರುಗಿ ಬಂತು. ಚಳಿಗಾಲ ಮುಗಿಯುವಷ್ಟರಲ್ಲಿ ಬಡಿಗೆ ಊರಿಕೊಂಡು ಪಡಸಾಲೆಯಿಂದ ಹಿತ್ತಲಿಗೆ ಹೋಗಿಬರುತ್ತಿದ್ದರು. ಕೈ ಬರಲಿಲ್ಲ. ಮಾತು ಬರಲೇ ಇಲ್ಲ. ತಿಳಿಯುವುದೆಲ್ಲ ಮೊದಲಿನಂತೆಯೇ ತಿಳಿಯುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಮೋರೆ ಕಿವುಚುತ್ತಿದ್ದರು, ನಾನು ಬೈದರೆ ಹುಬ್ಬು ಗಂಟು ಹಾಕುತ್ತಿದ್ದರು, ಆದರೆ ಬಾಯಿ ತೆರೆದರೆ ಬರುವುದು 'ಊಂ' ಒಂದೇ. ಎಡಗೈಲಿ ಬರೆಯಿರಿ ಎಂದು ಪೆನ್ಸಿಲ್ ಕೊಟ್ಟೆ. ಒಂದು ಗೆರೆ ಎಳೆದು ನೋಡಿ ಪೆನ್ಸಿಲನ್ನು ಮೂಲೆಗೆ ಎಸೆದರು.

ನಾನು ಸಿದ್ದಲಿಂಗವ್ವ. ಇಳಕಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸುವವಳು. ನನ್ನ ಬಾಯಿ ದೊಡ್ಡದು ಎಂದು ಓಣಿಯೆಲ್ಲ ಹೇಳುತ್ತದೆ, ಹೇಳಲಿ. ಕೋಣೆ ತುಂಬ ಮಕ್ಕಳನ್ನು ಸುಮ್ಮನೆ ಕೂಡಿಸಲು ಸಣ್ಣ ಬಾಯಿ ಸಾಕಾಗುವುದಿಲ್ಲ. ನಮ್ಮವರ ಹೆಸರು ಅಂದಪ್ಪ. ಇಲ್ಲಿ ಬರೆದಿದ್ದೇನೆ ಅಷ್ಟೇ, ಬಾಯಿಂದ ಇವತ್ತಿಗೂ ಹೇಳಿದವಳಲ್ಲ. ಅವರದು ರೇಡಿಯೋ ರಿಪೇರಿ ಅಂಗಡಿ. ಹೊಟ್ಟೆಪಾಡು ಅಂಗಡಿಯಲ್ಲಿ, ಜೀವ ಮಾತ್ರ ಮನೆಯ ಹ್ಯಾಮ್ ರೇಡಿಯೋದಲ್ಲಿ.

ಹ್ಯಾಮ್ ಎಂದರೆ ಏನೆಂದು ಕೇಳಿದವರಿಗೆಲ್ಲ ನಾನೇ ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಸರಕಾರದ ಲೈಸೆನ್ಸು ತೆಗೆದುಕೊಂಡು, ತಾವೇ ಯಂತ್ರ ಕಟ್ಟಿಕೊಂಡು, ಗಾಳಿಯ ಮೇಲೆ ದೂರದೂರದ ತಮ್ಮಂಥ ಹುಚ್ಚರ ಜೊತೆ ಮಾತಾಡುವುದು, ಅಷ್ಟೇ. ಕೆಲವರು ಬಾಯಿಂದ ಮಾತಾಡುತ್ತಾರೆ. ನಮ್ಮವರು ಮಾತಾಡುತ್ತಿದ್ದದ್ದು ಕೀಲಿಯಿಂದ. ತಂತಿ ಆಫೀಸಿನಲ್ಲಿ ಕಟಕಟ ಎನ್ನಿಸುತ್ತಾರಲ್ಲ, ಅದೇ ನಮೂನೆ. ಗಿಡ್ಡ ದನಿ, ಉದ್ದ ದನಿ, ಅವನ್ನು ಸೇರಿಸಿದರೆ ಅಕ್ಷರ. ಮಾಳಿಗೆಯ ಮೇಲೆ ಕಬ್ಬಿಣದ ಕಂಬ, ಅದರ ತುದಿಗೆ ಅಲ್ಯುಮಿನಿಯಂ ಕೊಳವೆಗಳ ದೊಡ್ಡ ಆಂಟೆನಾ. ನಮ್ಮ ನೇಕಾರರ ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಪಕ್ಕದ ಮನೆ ರಂಗವ್ವ, 'ಅಂದಪ್ಪ ಕಾಗಿಗೊಳಿಗೆ ಕಟ್ಟಿ ಕಟ್ಟಿಸ್ಯಾನ ನೋಡ' ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ಆ ಆಂಟೆನಾಕ್ಕೆ ಒಂದು ಗುಣ. ಯಾರ ಜೊತೆ ಮಾತಾಡಬೇಕೋ ಅವರ ಕಡೆಗೆ ಮುಖ ಮಾಡಿ ನಿಲ್ಲಬೇಕು. ಬೆನ್ನು ಮಾಡಿದರೆ ಅವರ ಮಾತು ನಮಗೆ ಕೇಳುವುದಿಲ್ಲ, ನಮ್ಮದು ಅವರಿಗೆ ಮುಟ್ಟುವುದಿಲ್ಲ. ಪ್ರತಿ ಸಲ ಮಾಳಿಗೆ ಹತ್ತಿ ಕಂಬ ತಿರುವುವುದು ಯಾರಿಂದ ಆದೀತು? ಅದಕ್ಕೆ ನಮ್ಮವರು ಬಾಗಲಕೋಟೆಯ ಗುಜರಿಯಲ್ಲಿ ಲಾರಿಯ ವೈಪರ್ ಮೋಟಾರು ಹುಡುಕಿ ತಂದು, ಹಲ್ಲುಗಾಲಿ ಜೋಡಿಸಿ, ಕಂಬದ ತುದಿಗೆ ಕೂಡಿಸಿದ್ದರು. ಕೆಳಗೆ ಮೇಜಿನ ಮೇಲೆ ಅದರ ಕಂಟ್ರೋಲ್ ಡಬ್ಬಿ. ಅದರಲ್ಲಿ ಎರಡು ಗುಂಡಿ, ಒಂದು ಮೀಟರು. ಒಂದು ಗುಂಡಿ ಒತ್ತಿದರೆ ಆಂಟೆನಾ ಬಲಕ್ಕೆ, ಇನ್ನೊಂದು ಒತ್ತಿದರೆ ಎಡಕ್ಕೆ. ಎತ್ತ ಮುಖ ಮಾಡಿದೆ ಎಂದು ಮೀಟರಿನ ಮುಳ್ಳು ತೋರಿಸುತ್ತಿತ್ತು.

ಅದು ಬಹಳ ಮಾಡಿ ಪೂರ್ವಕ್ಕೇ ನಿಂತಿರುತ್ತಿತ್ತು. ಪೂರ್ವಕ್ಕೆ ಕಲಕತ್ತೆ, ಕಲಕತ್ತೆಯಲ್ಲಿ ಜಲಾಲುದ್ದೀನಣ್ಣ. ಜಲಾಲಣ್ಣ ನಮ್ಮ ಇಳಕಲ್ಲಿನವರೇ, ನಮ್ಮವರ ಜೊತೆ ಗೋಲಿ ಆಡಿ ಬೆಳೆದವರು. ಮಗ್ಗದ ಕುಣಿಗೆ ಇಳಿಯಲಾರೆ ಎಂದು ಓಡಿಹೋಗಿ ಹಡಗಿನಲ್ಲಿ ರೇಡಿಯೋ ಆಫೀಸರ್ ಆದರು, ಹಡಗು ಬಿಟ್ಟ ಮೇಲೆ ಹೆಂಡತಿಯ ಊರಿನಲ್ಲಿ ನಿಂತರು. ಪ್ರತಿ ರವಿವಾರ ಮುಂಜಾನೆ, ನಾನು ರೊಟ್ಟಿ ಬಡಿಯುವ ಹೊತ್ತಿಗೆ, ಇಬ್ಬರದೂ ಕೀಲಿಯ ಮಾತು. ಅಕ್ಷರ ಇಂಗ್ಲಿಷಿನವು, ಮಾತು ನಮ್ಮ ಓಣಿಯದು. ಅದರಲ್ಲಿ ನನಗೆ ಒಂದಕ್ಷರ ತಿಳಿಯದಿದ್ದರೂ ಒಂದು ತಾಳ ಮಾತ್ರ ಕಿವಿಗೆ ಗುರುತು ಹತ್ತಿತ್ತು. ಸರಕಾರ ನಮ್ಮವರಿಗೆ ಗಾಳಿಯ ಮೇಲೆ ಕೊಟ್ಟ ಹೆಸರು ಅದು. ಜಲಾಲಣ್ಣ ಮೊದಲು ಅದನ್ನೇ ಕೂಗುತ್ತಿದ್ದರು.

ಲಕ್ವಾ ಆದಮೇಲೆ ರೇಡಿಯೋ ಮಾತು ನಿಂತಿತು. ಬಾಗಲಕೋಟೆಯ ಡಾಕ್ಟರು, 'ಮನಸ್ಸಿಗೆ ಏನರೆ ಕೆಲಸಾ ಕೊಡ್ರಿ ಬಾಯಾರ, ಇಲ್ಲಾಂದ್ರ ಹಿಂಗ ಕುಂತು ಕುಂತು ಒಳಗ ಕುಸಿದುಹೋಗ್ತಾರ' ಎಂದಿದ್ದರು. ಖರೇನೇ ಕುಸಿಯುತ್ತಿದ್ದರು. ಗೋಡೆ ನೋಡುತ್ತ ಕೂಡುವುದು, ಅರ್ಧ ರೊಟ್ಟಿಗೆ ಕೈ ತೊಳೆಯುವುದು, ಯಾರಾದರೂ ಬಂದರೆ ಕಣ್ಣು ಮುಚ್ಚಿ ಮಲಗಿದಂತೆ ಮಾಡುವುದು. ನನಗೆ ಹೆದರಿಕೆ ಹತ್ತಿತು. ಕೀಲಿ ಹೊಡೆಯಲಿಕ್ಕೆ ನಾಲಿಗೆ ಬೇಕಿಲ್ಲ, ಎಡಗೈ ಗಟ್ಟಿಯಾಗಿಯೇ ಇದೆ, ಇವರು ಜಲಾಲಣ್ಣನ ಜೊತೆ ಮಾತಾಡಬಹುದಲ್ಲ ಎಂದು ಹೊಳೆದಾಗ ದೇವರು ದಾರಿ ತೋರಿಸಿದ ಎಂದುಕೊಂಡೆ.

'ಏಳ್ರಿ, ನಿಮ್ಮ ಮಷೀನ ಮುಂದ ಕೂಡ್ರಿ' ಎಂದೆ.

ಅವರು ಡಬ್ಬಿಯ ಗುಂಡಿ ಒತ್ತಿ ತೋರಿಸಿದರು. ಒಳಗೆ ಟಕ್ ಎಂದಿತು, ಮೀಟರಿನ ದೀಪ ಹತ್ತಿತು, ಮುಳ್ಳು ಪಶ್ಚಿಮ ಬಿಟ್ಟು ಅಲುಗಲಿಲ್ಲ. ಎಡಗೈಯನ್ನು ಗಾಳಿಯಲ್ಲಿ ಆಡಿಸಿ, ಹೋಯಿತು, ಕೆಟ್ಟಿತು ಎಂದು ತಿಳಿಸಿ, ಬಡಿಗೆ ಊರಿಕೊಂಡು ಹೋಗಿ ಮಲಗಿಬಿಟ್ಟರು. ಹಿತ್ತಲಿಗೆ ಹೋಗಿ ಮೇಲೆ ನೋಡಿದೆ. ಆಂಟೆನಾ ಕಲಕತ್ತೆಗೆ ಬೆನ್ನು ಮಾಡಿ ನಿಂತಿತ್ತು.

ಮರುದಿನ ರವಿವಾರ. ಹಾಳಾದ್ದು ನೋಡೇಬಿಡೋಣ ಎಂದು ನಾನೇ ರೇಡಿಯೋದ ಸ್ವಿಚ್ ಹಾಕಿದೆ. ಕೇಳಲಿಕ್ಕೆ ಯಾರ ಅಪ್ಪಣೆ ಬೇಕು? ಬರೀ ಬುರ್ ಎನ್ನುವ ಸಪ್ಪಳದ ತಳದಲ್ಲಿ, ಬಾವಿಯೊಳಗಿಂದ ಬಂದಂತೆ, ಆ ತಾಳ. ಜಲಾಲಣ್ಣ ಕೂಗುತ್ತಿದ್ದರು. ಒಂದು ಸಲ ಕೂಗಿ ಸುಮ್ಮನಾಗುವರು, ಮತ್ತೆ ಕೂಗುವರು. ಇಷ್ಟು ತಿಂಗಳೂ ರವಿವಾರ ರವಿವಾರ ಹೀಗೇ ಕೂಗಿದ್ದಾರೆ ಎಂದು ಆಗ ಗೊತ್ತಾಯಿತು. ನಮ್ಮವರು ಬಂದು ಬಡಿಗೆಯಿಂದ ನೆಲ ಕುಟ್ಟಿ, ಬಂದ್ ಮಾಡು ಎಂದು ತೋರಿಸಿದರು. 'ಕಾಗದಾ ಆದರೂ ಬರೀತೇನ್ರಿ ಅವರಿಗೆ' ಎಂದರೆ ನನ್ನ ಮಣಿಕಟ್ಟು ಹಿಡಿದು ಬೇಡವೇ ಬೇಡ ಎಂದು ತಲೆ ಅಲ್ಲಾಡಿಸಿದರು. ಕಣ್ಣಲ್ಲಿ ನೀರಿತ್ತು. ಆಂಟೆನಾ ಕೆಟ್ಟ ದುಃಖ ಎಂದುಕೊಂಡೆ.

ರಿಪೇರಿ ಮಾಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಹುನಗುಂದದಲ್ಲಿ ಪಂಪಿನ ಮೋಟಾರು ಕಟ್ಟುವ ಇಮಾಮಹುಸೇನನನ್ನು ಕರೆಸಿದೆ. ನಮ್ಮವರ ಅಂಗಡಿಯಲ್ಲೇ ಕೆಲಸ ಕಲಿತು, ಮದುವೆಯಾದ ಮೇಲೆ ಹುನಗುಂದದಲ್ಲಿ ಸ್ವಂತದ್ದು ಹಾಕಿದವನು. ಅಂದಪ್ಪಣ್ಣ ಎಂದರೆ ಅವನಿಗೆ ಗುರು. ಬಂದವನು ನಮ್ಮವರ ಕಾಲಿಗೆ ಕೈ ಮುಟ್ಟಿಸಿ, ಅವರ ಬಾಯಿ ನೋಡಿ, ಮೋರೆ ಅತ್ತ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡ.

'ಆಮ್ಯಾಲ ಅಳುವಂತಿ. ಮೊದಲ ಮ್ಯಾಲ ಹತ್ತು' ಎಂದೆ.

'ಹತ್ತತೇನ್ರಿ ಅಕ್ಕೋರ, ಕೈಯ್ಯಾಗಿನ ಚಾ ಅರೆ ಕುಡೀಲಿಕ್ಕೆ ಬಿಡ್ರಿ' ಎಂದು ನಕ್ಕ.

ಅವನ ವಿಚಾರ ಸರಳ. ಕೆಟ್ಟಿದ್ದರೆ ಮೂರರಲ್ಲಿ ಒಂದು: ಮೇಲಿನ ಮೋಟಾರು, ನಡುವಿನ ಕೇಬಲ್ಲು, ಕೆಳಗಿನ ಡಬ್ಬಿ. ಲಾರಿಯ ಬ್ಯಾಟರಿಯನ್ನು ಮಾಳಿಗೆಗೆ ಹೊತ್ತೊಯ್ದು, ಕಂಬದ ಬುಡದಲ್ಲಿ ಕೇಬಲ್ಲು ಬಿಚ್ಚಿ, ಮೋಟಾರಿನ ಎರಡು ತಂತಿಗೆ ಮುಟ್ಟಿಸಿದ. ಮೇಲೆ ಗರ್ ಎಂದು ಆಂಟೆನಾ ಒಂದು ಗೇಣು ತಿರುಗಿತು! ತಂತಿ ಅದಲು ಬದಲು ಮಾಡಿದ, ಅಷ್ಟೇ ಹಿಂದಕ್ಕೆ ಬಂತು.

'ಮೋಟಾರು ಗುಂಡಕಲ್ಲ ಇದ್ದಂಗ ಐತ್ರಿ ಅಕ್ಕೋರ!'

'ಹಂಗಾರ ಬ್ಯಾಟರಿ ಮ್ಯಾಲೇ ಪೂರ್ವಕ್ಕ ತಿರುವಿ ಬಿಡೋ ತಮ್ಮಾ, ಮುಗೀತು!'

ಅವನು ಮತ್ತೆ ತಂತಿ ಮುಟ್ಟಿಸುವಷ್ಟರಲ್ಲಿ ಕೆಳಗೆ ಬಡಿಗೆಯ ಸಪ್ಪಳ. ನಮ್ಮವರು ಹಿತ್ತಲಿಗೆ ಬಂದು, ಮೇಲೆ ನೋಡುತ್ತ, 'ಊಂ, ಊಂ' ಎಂದು ಎಡಗೈ ಅಲ್ಲಾಡಿಸುತ್ತಿದ್ದರು. ಮೋರೆ ಕೆಂಪಗೆ. ಇಮಾಮಹುಸೇನ ಬೆಂಕಿ ಮುಟ್ಟಿದವನಂತೆ ತಂತಿ ಬಿಟ್ಟ.

'ಬ್ಯಾಡ ಅಂತಾರ್ರಿ ಅಣ್ಣ. ಮೀಟರ್ ಇಲ್ಲದ ತಿರುವಿದ್ರ ಕೇಬಲ್ಲು ಕಂಬಕ್ಕ ಸುತ್ತಿ ಹರೀತೈತಿ ಅಂತ ಇರಬೇಕ್ರಿ. ಅವರ ಮಾಡಿದ್ದು, ಅವರಿಗೆ ಗೊತ್ತಿಲ್ಲೇನ್ರಿ?'

ಸರಿ, ಕೇಬಲ್ಲು. ಒಂದು ತುದಿಗೆ ಟಾರ್ಚಿನ ಬಲ್ಬು, ಇನ್ನೊಂದಕ್ಕೆ ಸೆಲ್ಲು ಹಿಡಿದು ಒಂದೊಂದೇ ತಂತಿ ನೋಡಿದೆವು. ನಾನು ಕೆಳಗೆ, ಅವನು ಮೇಲೆ. 'ಹತ್ತಿತೇನ?' 'ಹತ್ತಿತ್ರಿ!' ಎಂದು ಕೂಗಾಡಿ ಓಣಿಯವರನ್ನೆಲ್ಲ ಹೊರಗೆ ಕರೆದೆವು. ಎಲ್ಲ ತಂತಿಯೂ ಚೆನ್ನಾಗಿದ್ದವು. ಉಳಿದದ್ದು ಡಬ್ಬಿ.

ಡಬ್ಬಿಯ ಮುಚ್ಚಳ ತೆಗೆದಾಗ ಇಮಾಮಹುಸೇನ ತಲೆ ಕೆರೆದುಕೊಂಡ. ಒಳಗೆ ಬಣ್ಣಬಣ್ಣದ ತಂತಿಗಳ ಕಟ್ಟು. ನಕ್ಷೆ ಎಂಬುದಿರಲಿಲ್ಲ, ಕಟ್ಟಿದವರ ತಲೆಯಲ್ಲೇ ಇತ್ತು, ಆ ತಲೆಯಿಂದ ಹೊರಗೆ ಬರುವ ದಾರಿ ಮುಚ್ಚಿತ್ತು. ನಾನು ಕಟ್ಟಿಗೆಯ ಹುಟ್ಟು ತಂದು ಅದರ ಹಿಡಿಕೆಯಿಂದ ಒಂದೊಂದನ್ನೇ ಮುಟ್ಟಿ ತೋರಿಸುತ್ತ, 'ಇದೇನ್ರಿ? ಇದೇನ್ರಿ?' ಎಂದು ನಮ್ಮವರನ್ನು ಕೇಳಿದೆ. ಅವರು ತಲೆ ಅಲ್ಲಾಡಿಸುತ್ತ ಬಂದು, ಟ್ರಾನ್ಸ್‌ಫಾರ್ಮರ್ ಮುಟ್ಟಿದಾಗ 'ಊಂ' ಎಂದರು.

'ಮೀಟರಿನ ದೀಪ ಹತ್ತತೈತಲ್ರಿ ಅಣ್ಣಾ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ರ ದೀಪ ಹೆಂಗ ಹತ್ತತೈತ್ರಿ?' ಎಂದು ಇಮಾಮಹುಸೇನ ಮೆಲ್ಲಗೆ ಕೇಳಿದ.

ನಮ್ಮವರು ಮತ್ತೆ ಅದನ್ನೇ ಬೆರಳಿನಿಂದ ಕುಟ್ಟಿದರು. ಗುರು ಹೇಳಿದಮೇಲೆ ಶಿಷ್ಯನದೇನು? ಒಪ್ಪಿಕೊಂಡ. 'ಒಂದು ಸುತ್ತು ಸುಟ್ಟಿರಬೇಕ್ರಿ, ಇನ್ನೊಂದು ಉಳದಿರಬೇಕ್ರಿ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಅದನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿದ. ಅಂಥ ಸಣ್ಣ ತಂತಿಯ ಸುತ್ತು ಕಟ್ಟುವವರು ಬಾಗಲಕೋಟೆಯಲ್ಲಿ ಮಾತ್ರ ಇದ್ದರು.

ಶಾಲೆಗೆ ರಜೆ ಹಾಕಿ ಬಾಗಲಕೋಟೆಯ ಬಸ್ಸು ಹತ್ತಿದೆ. ಅಲ್ಲಿ ಇಳಿದರೆ ಊರೆಲ್ಲ ಕಟ್ಟುತ್ತಿದ್ದ ಆಣೆಕಟ್ಟಿನ ನೀರಿನ ಮಾತು. ಯಾರ ಮನೆ ಮುಳುಗುತ್ತದೆ, ಯಾರದು ಉಳಿಯುತ್ತದೆ. ನನಗೆ ನನ್ನ ಮನೆಯಲ್ಲಿ ಮುಳುಗುತ್ತಿರುವವರದೇ ಚಿಂತೆ. ಅಂಗಡಿಯವನು ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಮುರುಗಿಸಿ, ಕರೆಂಟು ಕೊಟ್ಟು, ಎಲ್ಲ ತಂತಿಗೂ ಮೀಟರು ಹಿಡಿದು ನೋಡಿದ.

'ಬಾಯಾರ, ಇದಕ್ಕೇನೂ ಆಗಿಲ್ರಿ. ಹೊಸಾದು ಇದ್ದಂಗ ಐತಿ. ಕಟ್ಟೂದೇನೈತಿ ಇದರಾಗ?'

'ಇನ್ನೊಮ್ಮೆ ನೋಡಪಾ.'

'ಹತ್ತು ಸಲ ನೋಡಿದ್ರೂ ಅಷ್ಟರಿ.'

ಮೈ ಉರಿಯಿತು. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟಿನ ಅಂಗಡಿಗಳ ಮುಂದೆ ಜನವೆಲ್ಲ ಇಳಿಯಿತು, ನಾನು ಇಳಿಯಲಿಲ್ಲ. ನನ್ನ ತಲೆಯಲ್ಲಿ ಒಂದು ಮಾತು ಸಿಕ್ಕಿಹಾಕಿಕೊಂಡಿತ್ತು. ಲಕ್ವಾ ಆದ ದಿನ ಅವರನ್ನು ಹೊರಸಿನ ಮೇಲೆ ಹೊರಗೆ ತಂದು ಜೀಪಿಗೆ ಹಾಕುವಾಗ, ಶಿವನೇ ಎಂದು ನಾನು ಮೇಲೆ ನೋಡಿದ್ದೆ. ಆಂಟೆನಾ ಆಗ ಪೂರ್ವಕ್ಕೇ ಇತ್ತು, ಬೇವಿನ ಮರದ ಕಡೆಗೆ. ಅವರು ಹಾಸಿಗೆಯಲ್ಲಿದ್ದಷ್ಟು ದಿನ ಅದನ್ನು ಯಾರೂ ಮುಟ್ಟಿಲ್ಲ. ಹಾಗಾದರೆ ಪಶ್ಚಿಮಕ್ಕೆ ತಿರುಗಿದ್ದು ಯಾವಾಗ? ಅವರು ಎದ್ದು ಅಡ್ಡಾಡಲು ಹತ್ತಿದ ಮೇಲೆ. ಗುಂಡಿ ಒತ್ತಿದವರು ಯಾರು? ನಾನಂತೂ ಅಲ್ಲ. ಅಂದರೆ ಲಕ್ವಾ ಆದಮೇಲೂ ಅದು ಚೆನ್ನಾಗಿಯೇ ತಿರುಗಿದೆ, ಪೂರ್ವದಿಂದ ಪಶ್ಚಿಮದವರೆಗೆ ಪೂರ್ತಿ. ಆಮೇಲೆ ಕೆಟ್ಟಿದೆ.

ಒಂದನೇ ತರಗತಿಗೆ ಕಲಿಸುವವಳಿಗೆ ಇದು ಹೊಸದಲ್ಲ. ಮನೆಪಾಠ ಬರೆಯದವಳು ಬಳಪ ಕಳೆದಿದೆ ಎಂದು ಅಳುತ್ತಾಳೆ, ಬಳಪ ಅವಳ ಲಂಗದ ಜೇಬಿನಲ್ಲೇ ಇರುತ್ತದೆ. ಆ ಮೋರೆಯನ್ನು ನಾನು ದಿನಾ ನೋಡುತ್ತೇನೆ. ನಮ್ಮವರು ಟ್ರಾನ್ಸ್‌ಫಾರ್ಮರ್ ಕುಟ್ಟಿ ತೋರಿಸುವಾಗ ಅದೇ ಮೋರೆ ಇತ್ತಲ್ಲ, ನನಗೆ ಯಾಕೆ ಹೊಳೆಯಲಿಲ್ಲ!

ಮನೆಗೆ ಬಂದವಳೇ, ಕಾಲು ಸಹ ತೊಳೆಯದೆ, ಡಬ್ಬಿಯನ್ನು ಬೆಳಕಿಗೆ ಎಳೆದೆ. ಅವರು ಹೊರಸಿನ ಮೇಲೆ ಕೂತು ನೋಡುತ್ತಿದ್ದರು. ತಂತಿಗಳ ಕಟ್ಟನ್ನು ಒಂದೊಂದಾಗಿ ಬಿಡಿಸಿದೆ. ಎಲ್ಲದರ ಹಿಂದೆ, ಎರಡೂ ಗುಂಡಿಗಳ ಬೆನ್ನಿಗೆ ಒಂದು ಹಸಿರು ತಂತಿ ಎಲ್ಲಿಗೂ ಹೋಗದೆ ಮಡಚಿಕೊಂಡು ಕೂತಿತ್ತು. ತುದಿಗೆ ಕರಿ ಟೇಪು. ಇಮಾಮಹುಸೇನ ನೋಡಿದ್ದರೂ ಬೇಡವಾದ ತಂತಿ ಎಂದು ಬಿಟ್ಟಿರಬೇಕು. ಟೇಪು ಬಿಚ್ಚಿದೆ. ತಂತಿ ಹರಿದಿರಲಿಲ್ಲ, ಸುಟ್ಟಿರಲಿಲ್ಲ. ಬೆಸುಗೆಯನ್ನು ಕಾಯಿಸಿ ಅಚ್ಚುಕಟ್ಟಾಗಿ ಬಿಡಿಸಿದ್ದು. ಟೇಪಿನ ಅಂಚಿಗೆ ಹಲ್ಲಿನ ಗುರುತು. ಎರಡು ಕೈ ಇದ್ದವನು ಟೇಪನ್ನು ಹಲ್ಲಿನಿಂದ ಯಾಕೆ ಹರಿಯುತ್ತಾನೆ?

ಅದನ್ನು ಅವರ ಮೂಗಿನ ಮುಂದೆ ಹಿಡಿದೆ.

'ಯಾರ ಹಲ್ಲರಿ ಇವು? ನಾ ರಜಾ ಹಾಕಿ, ಬಿಸಲಾಗ ಬಾಗಲಕೋಟಿ ತನಕಾ ಕಬ್ಬಿಣ ಹೊತ್ತು ತಿರಗೇನಿ. ಆ ಹುಡುಗ ಹುನಗುಂದದಿಂದ ಬಂದು ಮಾಳಿಗಿ ಮ್ಯಾಲ ಬೆವತ್ಯಾನ. ನೀವು ಕುಂತು ನೋಡೀರಿ! ಬಾಯಿ ಹೋದ್ರೂ ಸುಳ್ಳು ಹೇಳೂದು ಹೋಗಿಲ್ಲಲ್ರಿ ನಿಮ್ಮದು!'

ಅವರು ತಲೆ ತಗ್ಗಿಸಿದರು. ನಾನು ಇನ್ನೂ ಬೈಯುವವಳಿದ್ದೆ. ಅಷ್ಟರಲ್ಲಿ ಎದ್ದು ಮೇಜಿಗೆ ಹೋದರು. ಅಲ್ಲಿ ಕಲಿಯುವವರಿಗೆಂದು ಮಾಡಿದ ಸಣ್ಣ ಡಬ್ಬಿಯೊಂದಿತ್ತು. ಅದರ ದನಿ ಗಾಳಿಗೆ ಹೋಗುವುದಿಲ್ಲ, ಕೋಣೆಯಲ್ಲಿ ಮಾತ್ರ ಕೇಳುತ್ತದೆ. ಕೀಲಿಯನ್ನು ಅದಕ್ಕೆ ಸಿಕ್ಕಿಸಿ ಎಡಗೈಯಲ್ಲಿ ಹೊಡೆದರು.

ಅದು ಆ ತಾಳವೇ, ಅವರ ಗಾಳಿಯ ಹೆಸರು. ಮೊದಲು ಹೊಲಿಗೆ ಮಷಿನ್ನು ಓಡಿದಂತೆ ಸರಾಗವಾಗಿ ಬರುತ್ತಿದ್ದದ್ದು ಈಗ ಕುಂಟುತ್ತಿತ್ತು. ಗಿಡ್ಡ ಇರಬೇಕಾದದ್ದು ಉದ್ದ, ಉದ್ದ ಇರಬೇಕಾದದ್ದು ನಡುವೆ ತುಂಡು. ಅರ್ಧಕ್ಕೆ ತಪ್ಪಿ ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ತಪ್ಪಿತು. ಕೀಲಿ ಬಿಟ್ಟು ನನ್ನನ್ನು ನೋಡಿದರು. ಆ ನೋಟ ನನ್ನಿಂದ ತಡೆಯಲಾಗಲಿಲ್ಲ.

ಆಗ ತಿಳಿಯಿತು. ಕೀಲಿಯವರ ಲೋಕದಲ್ಲಿ ಕೈಯೇ ದನಿ. ಬಾಗಿಲ ಹಿಂದಿನಿಂದ ಕೆಮ್ಮಿದರೆ ನಾವು ಇಂಥವರೇ ಎನ್ನುವುದಿಲ್ಲವೇ, ಹಾಗೆ ಎರಡಕ್ಷರ ಹೊಡೆದರೆ ಇದು ಅಂದಪ್ಪನ ಕೈ ಎಂದು ಎದುರಿನವರು ಗುರುತು ಹಿಡಿಯುತ್ತಾರೆ. ನಮ್ಮವರ ಕೈ ಬಲು ಚಂದ ಎಂದು ಹೆಸರಾಗಿತ್ತು. ಅದನ್ನು ಅವರು ಹೊರಗೆ ತೋರಿಸಿಕೊಂಡವರಲ್ಲ, ಆದರೆ ಒಳಗೆ ಅದರ ಮೇಲೆ ಬದುಕಿದ್ದರು. ಈ ಕುಂಟು ಕೈಯನ್ನು ಜಲಾಲಣ್ಣ ಕೇಳಬಾರದು. ಜಲಾಲಣ್ಣನ ಕೂಗು ಕೇಳಿದರೆ ಉತ್ತರ ಕೊಡದೆ ಇರಲಾಗುವುದಿಲ್ಲ. ಅದಕ್ಕೇ ಆಂಟೆನಾದ ಬೆನ್ನು ತಿರುಗಿಸಿ, ಮತ್ತೆ ಯಾರೂ ತಿರುಗಿಸದಂತೆ ತಂತಿ ಬಿಡಿಸಿ ಕೂತಿದ್ದರು. ಒಂದು ಕೈಯಲ್ಲಿ, ಹಲ್ಲು ಬಳಸಿ, ನಾನು ಶಾಲೆಗೆ ಹೋದಾಗ.

ನನಗೆ ಅಳು ಬಂತು. ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಇನ್ನೂ ಉಳಿದಿತ್ತು.

'ನನ್ನ ಸಾಲಿಗೆ ಒಂದಿನಾ ಬಂದು ಕೂಡ್ರಿ' ಎಂದೆ. 'ಒಂದನೇತ್ತೆ ಹುಡುಗ್ಯಾರು ಅ ಬರದದ್ದು ನೋಡ್ರಿ. ಕಾಲು ಮ್ಯಾಲ, ತಲಿ ತಳಗ. ನಾ ಓದೂದಿಲ್ಲೇನು? ಚಂದಾಗಿ ಬರಿಯೂ ತನಕಾ ಪಾಟಿ ಮುಚ್ಚಿಡ್ರಿ ಅಂತೇನೇನು? ಕಲಕತ್ತಾದಾಗ ಕುಂತು ಕೂಗಾಕತ್ತಾರಲ್ಲ, ಅವರು ನಿಮ್ಮ ಕೈಯ ಸಲುವಾಗಿ ಕೂಗಾಕತ್ತಿಲ್ರಿ, ನಿಮ್ಮ ಸಲುವಾಗಿ ಕೂಗಾಕತ್ತಾರ. ಇವ ಬದುಕ್ಯಾನೋ ಇಲ್ಲೋ ಅಂತ ತಿಳೀದ ಕೂಗಾಕತ್ತಾರ. ಅಷ್ಟೂ ಕರುಳಿಲ್ಲೇನ್ರಿ ನಿಮಗ?'

 ಅವರು ಬೆಸುಗೆ ಹಾಕುವ ಸಲಾಕೆಯನ್ನು ಎಡಗೈ ಬೆರಳಿನಿಂದ ತೋರಿಸಿದರು.

ಟ್ರಾನ್ಸ್‌ಫಾರ್ಮರನ್ನು ಮೊದಲಿನ ಜಾಗಕ್ಕೆ ಕೂಡಿಸಲು ಇಮಾಮಹುಸೇನ ಮತ್ತೆ ಬಂದ, ಬಿಚ್ಚಿದ್ದ ಕೇಬಲ್ಲನ್ನೂ ಜೋಡಿಸಿ ಹೋದ. ನಡೆದದ್ದನ್ನು ಅವನಿಗೆ ಹೇಳಲಿಲ್ಲ, ಗುರುವಿನ ಮರ್ಯಾದೆ ಉಳಿಯಲಿ ಎಂದು. ಹಸಿರು ತಂತಿಯನ್ನು ಮಾತ್ರ ನಾವಿಬ್ಬರೇ ಹಚ್ಚಿದೆವು. ಸಲಾಕೆ ಅವರ ಎಡಗೈಯಲ್ಲಿ, ತಂತಿ ಮತ್ತು ಬೆಸುಗೆಯ ಸೀಸ ನನ್ನ ಎರಡು ಕೈಯಲ್ಲಿ. ಅವರ ಕೈ ನಡುಗಿ ನನ್ನ ಹೆಬ್ಬೆರಳು ಚುರ್ ಎಂದಿತು. 'ಯವ್ವಾ!' ಎಂದು ಕೂಗಿದೆ. ಅವರು ಹೆದರಿ ಸಲಾಕೆ ಎತ್ತಿದರು. 'ಏನಾಗಿಲ್ಲ, ಹಚ್ಚ್ರಿ' ಎಂದೆ. ಬೆಸುಗೆ ಗುಡ್ಡೆಗುಡ್ಡೆಯಾಗಿ ಕೂತಿತು, ಆದರೆ ಹಿಡಿಯಿತು. ಗುಂಡಿ ಒತ್ತಿದಾಗ ಮೇಲೆ ಗರ್ ಎಂದು ಸಪ್ಪಳ ಬಂತು, ಮುಳ್ಳು ಮೆಲ್ಲಗೆ ಸರಿಯುತ್ತ ಉತ್ತರ ದಾಟಿ ಪೂರ್ವಕ್ಕೆ ಬಂದು ನಿಂತಿತು. ಹಿತ್ತಲಿಗೆ ಓಡಿಹೋಗಿ ನೋಡಿದೆ. ಆಂಟೆನಾ ಬೇವಿನ ಮರದ ಕಡೆಗೆ ಮುಖ ಮಾಡಿತ್ತು.

ರವಿವಾರ ಮುಂಜಾನೆ ಅವರನ್ನು ಮೇಜಿನ ಮುಂದೆ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಪಕ್ಕದಲ್ಲಿ ನಿಂತೆ. ಪುಣ್ಯಕ್ಕೆ ಕರೆಂಟು ಇತ್ತು. ಆ ತಾಳ ಬಂತು, ಈ ಸಲ ಬಾವಿಯೊಳಗಿಂದಲ್ಲ, ಕೋಣೆಯೊಳಗೇ ಕೂತು ಕೂಗಿದಷ್ಟು ನಿಚ್ಚಳ. ಕೂಗು ನಿಂತಿತು. ಅವರ ಎಡಗೈ ಕೀಲಿಯ ಮೇಲೆ ಹೋಗಿ ಹಿಂದೆ ಬಂತು.  ಮತ್ತೆ ಕೂಗು. ಈ ಸಲ ಹೊಡೆದರು. ಕುಂಟುತ್ತ, ತಪ್ಪುತ್ತ, ತಮ್ಮ ಹೆಸರನ್ನು ಮುಟ್ಟಿಸಿದರು.

ಆ ಕಡೆಯಿಂದ ಪಟಪಟ ಎಂದು ಏನೋ ಬಂತು. ಜಲಾಲಣ್ಣನ ಕೈ ಬಹಳ ಬಿರುಸು. ನಮ್ಮವರ ಮೋರೆ ಬಿಳಿಚಿಕೊಂಡಿತು, ಕೈ ತೊಡೆಯ ಮೇಲೆ ಬಿತ್ತು. ಅಂದು ಗಾಳಿಯ ಮೇಲೆ ಏನೇನು ಹಾದುಹೋಯಿತು ಎಂಬುದು ನನಗೆ ತಿಳಿದದ್ದು ಆಮೇಲೆ, ರಂಜಾನ್ ಮುಗಿಸಿ ಜಲಾಲಣ್ಣ ಊರಿಗೆ ಬಂದು ಎಲ್ಲ ಬಿಡಿಸಿ ಹೇಳಿದಾಗ. ಅವರು ಕೇಳಿದ್ದು ಇಷ್ಟು: 'ಯಾರು ಕುಂತೀರಿ? ಇದು ಅಂದಪ್ಪನ ಕೈ ಅಲ್ಲ. ಅಂದಪ್ಪ ಎಲ್ಲಿ?'

ನಮ್ಮವರು ಯಾವ ಮಾತಿಗೆ ಹೆದರಿ ಇಷ್ಟೆಲ್ಲ ಮಾಡಿದ್ದರೋ ಅದೇ ಮಾತು.

ಮತ್ತೆ ಪಟಪಟ ಬಂತು. ಅವರು ನನ್ನ ಕಡೆ ನೋಡಿದರು. ನನಗೆ ತಿಳಿಯದಿದ್ದರೂ ಏನೋ ಕೆಟ್ಟದ್ದಾಗಿದೆ ಎನ್ನುವುದು ತಿಳಿಯಿತು. 'ಏನರೆ ಅನ್ಲಿ, ನೀವು ಹೇಳೂದು ಹೇಳ್ರಿ' ಎಂದೆ. 

ಅವರು ಹೇಳಿದರು. ಒಂದೊಂದಕ್ಷರಕ್ಕೂ ಹಣೆಯ ಮೇಲೆ ಬೆವರು. 'ನಾನ. ಅಂದಪ್ಪ. ಲಕ್ವಾ ಹೊಡೀತು. ಮಾತಿಲ್ಲ. ಬಲಗೈ ಇಲ್ಲ. ಇದು ಎಡಗೈ.'

ಆ ಕಡೆ ಸುಮ್ಮನಾಯಿತು. ಬುರ್ ಎನ್ನುವ ಸಪ್ಪಳ ಬಿಟ್ಟು ಏನೂ ಇಲ್ಲ. ಎಷ್ಟು ಹೊತ್ತಾದರೂ ಏನೂ ಇಲ್ಲ.  ಹೋಗಿಬಿಟ್ಟರೇ? ಈ ಮನುಷ್ಯನನ್ನು ಒತ್ತಾಯ ಮಾಡಿ ಕೂಡಿಸಿ ನಾನೇ ಕೊಂದೆನೇ?

ಆಮೇಲೆ ಒಂದು ದನಿ ಬಂತು. ಬಂದು ನಿಂತಿತು. ಇನ್ನೊಂದು ಬಂತು, ಅತೀ ಉದ್ದ. ಮತ್ತೆ ಒಂದು, ನಡುವೆ ತುಂಡಾದದ್ದು. ಮಷಿನ್ನು ಕೆಟ್ಟಿತೆಂದು ನಾನು ಗುಂಡಿಯ ಕಡೆ ಕೈ ಚಾಚಿದೆ. ನಮ್ಮವರು ನನ್ನ ಕೈಯನ್ನು ಪಟ್ ಎಂದು ಬಡಿದು ಸರಿಸಿ, ಸ್ಪೀಕರಿಗೆ ಕಿವಿ ಹಚ್ಚಿದರು. ಹುಬ್ಬು ಗಂಟು. ಆ ಕಡೆಯದು ಎಡವುತ್ತಿತ್ತು, ಬೀಳುತ್ತಿತ್ತು, ಎದ್ದು ಮತ್ತೆ ಎಡವುತ್ತಿತ್ತು. ಗಂಟು ಮೆಲ್ಲಗೆ ಬಿಚ್ಚಿತು. ಅವರು ತಮ್ಮ ಎಡಗೈಯನ್ನು ಮೇಲೆತ್ತಿ ನನಗೆ ಅಲ್ಲಾಡಿಸಿ ತೋರಿಸಿದರು, ಆಮೇಲೆ ಅದೇ ಕೈಯಿಂದ ಸ್ಪೀಕರನ್ನು ತೋರಿಸಿದರು.

'ಅವರೂ ಎಡಗೈಲೇ ಹೊಡ್ಯಾಕತ್ತಾರೇನ್ರಿ?'

'ಊಂ!'

ಜಲಾಲಣ್ಣ ಕೀಲಿಯನ್ನು ಮೇಜಿನ ಎಡಬದಿಗೆ ಸರಿಸಿ, ಜೀವಮಾನದಲ್ಲಿ ಮೊದಲ ಸಲ ಎಡಗೈ ಹಚ್ಚಿದ್ದರು. ನಮ್ಮವರ ಎಡಗೈ ತಿಂಗಳುಗಟ್ಟಲೆ ಉಂಡು, ಗುಂಡಿ ಹಾಕಿ, ಬಡಿಗೆ ಹಿಡಿದು ಪಳಗಿತ್ತು. ಅವರದು ಅಂದೇ ಹುಟ್ಟಿದ ಕೂಸು. ಏನು ಹೊಡೆದರೋ ಒಂದಕ್ಷರವೂ ನಮ್ಮವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳಿದರು. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ನಮ್ಮವರು ತಲೆ ತಲೆ ಬಡಿದುಕೊಂಡು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರ ಗಂಟಲಿನಿಂದ ನಗು ಬಂತು, ಸೊಟ್ಟ ಬಾಯಿಂದ ಜೊಲ್ಲು ಸುರಿಯಿತು, ನಾನು ಸೆರಗಿನಿಂದ ಒರೆಸಲು ಹೋದರೆ ಬಿಡಲಿಲ್ಲ. ನಗುತ್ತಲೇ ಕೀಲಿ ಹಿಡಿದು ಒಂದೊಂದಕ್ಷರವನ್ನೂ ಬಿಡಿಸಿ ಬಿಡಿಸಿ, ನಾನು ಹಲಗೆಯ ಮೇಲೆ ಬರೆದು ತೋರಿಸುವಷ್ಟು ನಿಧಾನವಾಗಿ ಹೊಡೆದರು.

'ಭಾಳ ಕೆಟ್ಟ ಐತಿ ಲೇ ನಿನ್ನ ಕೈ. ಸಾವಕಾಶ ಹೊಡಿ. ನಾ ಕಲಿಸ್ತೇನಿ.'